ಬಿಳಿನೊಣ ಬೇಡುವ ಹುಳದಕ್ಕ

ಬೆಳಗಿನ ಐದೂಮುಕ್ಕಾಲು. ಬಸ್ ಡಿಪೋದ ಹಿಂಗೋಡೆಗೆ ಒತ್ತಿಕೊಂಡು ಬೆಳೆದಿರುವ ಹರಳು ಗಿಡಗಳ ನಡುವೆ ಐವತ್ತೆರಡರ ಹೆಂಗಸೊಬ್ಬರು ನಿಂತಿದ್ದಾರೆ. ಗೋಡೆಯಾಚೆ ಬಸ್ಸುಗಳು ಒಂದೊಂದಾಗಿ ಕೆಮ್ಮುತ್ತಾ ಎಚ್ಚರವಾಗುತ್ತಿವೆ. ಈಚೆ ಈಕೆ ಎಲೆಗಳನ್ನು ಒಂದೊಂದಾಗಿ ಮಗುಚಿ, ಹಣೆಗೆ ಪಟ್ಟಿ ಕಟ್ಟಿ ಸಿಕ್ಕಿಸಿಕೊಂಡ ದಪ್ಪ ಮಸೂರದಿಂದ ಅಡಿಭಾಗವನ್ನು ನೋಡುತ್ತಾರೆ. ಹಸಿರಾಗಿ ನಳನಳಿಸುವ ಎಲೆ ಸಿಕ್ಕರೆ ಮುಖ ಸಪ್ಪಗಾಗುತ್ತದೆ. ಅಂಟು ಮೆತ್ತಿ, ಕಪ್ಪು ಬೂಷ್ಟು ಹಿಡಿದು, ಮುಟ್ಟಿದೊಡನೆ ಹಿಟ್ಟು ಕೊಡವಿದಂತೆ ಬಿಳಿನೊಣ ಏಳುವ ದರಿದ್ರ ಎಲೆ ಸಿಕ್ಕರೆ ಕಣ್ಣರಳುತ್ತದೆ. ಅದನ್ನು ತೊಟ್ಟು ಸಮೇತ ಕತ್ತರಿಸಿ, ಒದ್ದೆ ಹತ್ತಿ ಸುತ್ತಿ, ಬಟ್ಟೆ ಹೊದಿಸಿದ ಡಬ್ಬಿಗೆ ಇಳಿಸುತ್ತಾರೆ.

"ಒಳ್ಳೇದೆಲ್ಲ ಬಿಟ್ಟು ಕೆಟ್ಟಿದ್ದನ್ನೇ ಆರಿಸ್ತೀರಲ್ಲಕ್ಕ, ಜಗತ್ತಲ್ಲಿ ನಿಮ್ಮಂಥೋರು ಇನ್ನೊಬ್ರಿಲ್ಲ" ಎಂದು ಡಿಪೋದ ಕಾವಲುಗಾರ ಗೇಟಿನಿಂದಲೇ ಕೂಗುತ್ತಾನೆ. ಇಪ್ಪತ್ತು ದಿನಗಳಿಂದ ಅವನದು ಇದೇ ಮಾತು. ಮೊದಲೆಲ್ಲ ಆಕೆ ನಗುತ್ತಿದ್ದರು. ಇವತ್ತು ತಲೆಯೆತ್ತಲೂ ಇಲ್ಲ.

ಬೀದಿಯಲ್ಲಿ, ಬಸ್ಸಿನಲ್ಲಿ, ಕೆಲಸ ಮಾಡುವ ತೋಟಗಾರಿಕೆ ಕಚೇರಿಯಲ್ಲಿ ಎಲ್ಲರಿಗೂ ಆಕೆ ಹುಳದಕ್ಕ. ಕೆಲಸ, ಗುಲಗಂಜಿ ಹುಳಗಳನ್ನು ಸಾಕುವುದು. ಹತ್ತೊಂಬತ್ತು ವರ್ಷಗಳಿಂದ ಸಾಕಿ, ಡಬ್ಬಿಗೆ ತುಂಬಿ, ಟೊಮೆಟೊ, ಬದನೆ, ಹೂವು ಬೆಳೆಯುವವರಿಗೆ ಕಳಿಸಿದ್ದಾರೆ. ಬಿಳಿನೊಣ ಎಲೆಯ ಅಡಿಗೆ ಕೂತು ರಸ ಹೀರಿ ಗಿಡವನ್ನು ಸಾಯಿಸುತ್ತದೆ. ಗುಲಗಂಜಿ ಹುಳ ಆ ನೊಣದ ಮೊಟ್ಟೆ, ಮರಿಗಳನ್ನು ತಿಂದು ಗಿಡವನ್ನು ಉಳಿಸುತ್ತದೆ. ಔಷಧಿ ಹೊಡೆಯುವ ಗೋಜಿಲ್ಲ, ತಿನ್ನುವವರ ಹೊಟ್ಟೆಗೆ ವಿಷ ಸೇರುವ ಭಯವಿಲ್ಲ. ಇಷ್ಟು ಒಳ್ಳೆಯ ಕೆಲಸಕ್ಕೆ ಯಾರಾದರೂ ಶಾಲು ಹೊದಿಸಿದ್ದಾರೆಯೇ ಎಂದು ಹುಡುಕಬೇಡಿ. ಎಲೆಯ ಅಡಿಯಲ್ಲಿ ನಡೆಯುವ ಯುದ್ಧವನ್ನು ಬಗ್ಗಿ ನೋಡುವ ವ್ಯವಧಾನ ಯಾರಿಗೂ ಇಲ್ಲ.

ಗುಲಗಂಜಿ ಹುಳ ಎಂದೊಡನೆ ಕೆಂಪು ಬೆನ್ನು, ಕಪ್ಪು ಚುಕ್ಕಿ ಕಣ್ಣ ಮುಂದೆ ಬರುತ್ತದೆ. ಹುಳದಕ್ಕ ಸಾಕುವುದು ಅದರ ಬಡ ಬಂಧುವನ್ನು. ಗಸಗಸೆಗಿಂತ ದೊಡ್ಡದು, ಸಾಸಿವೆಗಿಂತ ಚಿಕ್ಕದು, ಮೈ ಕಡುಗಪ್ಪು. ಬಿಳಿನೊಣ ಕಂಡರೆ ಇದಕ್ಕೆ ಬೇರೆ ಯಾವ ಊಟವೂ ಬೇಡ. "ಶಾಲೆ ಮಕ್ಕಳು ನೋಡೋಕೆ ಬರ್ತಿದ್ರು. ಪಂಜರದೊಳಗೆ ಇಣುಕಿ, 'ಆಂಟಿ, ಹುಳ ಎಲ್ಲಿ?' ಅಂತಿದ್ವು. ಇದೇ ಕಣ್ರೋ ಅಂದ್ರೆ ನಂಬ್ತಾನೇ ಇರ್ಲಿಲ್ಲ. ಚುಕ್ಕಿ ಇಲ್ಲ ಅಂತ ಒಬ್ಬಳು ಅತ್ತೇ ಬಿಟ್ಲು" ಎನ್ನುತ್ತಾರೆ. ಚುಕ್ಕಿಯಿಲ್ಲದ ಈ ಹುಳ ದಿನಕ್ಕೆ ನೂರೈವತ್ತು ಬಿಳಿನೊಣದ ಮೊಟ್ಟೆ ನುಂಗುತ್ತದೆ. ಆಯಸ್ಸು ಎರಡು ತಿಂಗಳು. ಅಷ್ಟರಲ್ಲಿ ಸುಮಾರು ಹತ್ತು ಸಾವಿರ ಮೊಟ್ಟೆಗಳ ಲೆಕ್ಕ ಚುಕ್ತಾ.

ನಲವತ್ತೇಳು ದಿನಗಳ ಹಿಂದೆ ಹುಳದಕ್ಕನ ಕೋಣೆಯಲ್ಲಿ ಇಂಥ ನಾಲ್ಕು ಸಾವಿರ ಹುಳಗಳಿದ್ದವು. ನಿನ್ನೆ ಸಂಜೆ ಎಣಿಸಿದಾಗ ಉಳಿದಿದ್ದದ್ದು ಏಳು. ಆ ಏಳು, ಜೊತೆಗೆ ಒಂದು ಎಲೆಯ ಮೇಲಿನ ಮೂರು ಮೊಟ್ಟೆ. ಆ ಮೊಟ್ಟೆಗಳಿಗೆ ಇವತ್ತು ಐದನೇ ದಿನ. ಒಡೆದು ಮರಿ ಬರುವುದಿದ್ದರೆ ಇವತ್ತೇ ಬರಬೇಕು. ಡಬ್ಬಿಯನ್ನು ಎದೆಗವಚಿಕೊಂಡು ಆಕೆ ಅಷ್ಟು ಬಿರಬಿರನೆ ನಡೆಯುವುದು ಅದಕ್ಕೇ.

ಕಚೇರಿಯ ಹಿಂದೆ, ಜನರೇಟರನ್ನೂ ಮುರಿದ ಕುರ್ಚಿಗಳ ರಾಶಿಯನ್ನೂ ದಾಟಿದರೆ ಎರಡು ಕೋಣೆಗಳು ಸಿಗುತ್ತವೆ. ಮೊದಲನೆಯದು ಬಿಳಿನೊಣದ ಕೋಣೆ, ಎರಡನೆಯದು ಗುಲಗಂಜಿ ಹುಳದ್ದು. ಹುಳ ಸಾಕಬೇಕೆಂದರೆ ಮೊದಲು ಪೀಡೆಯನ್ನು ಸಾಕಬೇಕು, ಈ ಕಸುಬಿನ ಹಣೆಬರಹವೇ ಅದು. ಬದನೆ ಸಸಿ ಬೆಳೆಸಿ, ಅದಕ್ಕೆ ಕೈಯಾರೆ ಬಿಳಿನೊಣ ಹತ್ತಿಸಿ, ನೊಣ ಮೊಟ್ಟೆಯಿಟ್ಟ ಮೇಲೆ ಆ ಗಿಡವನ್ನು ಹುಳಗಳ ಪಂಜರಕ್ಕೆ ಬಡಿಸಬೇಕು. ಬೆಳಿಗ್ಗೆ ಮೊದಲು ನೊಣದ ಕೋಣೆ, ಆಮೇಲೆ ಹುಳದ ಕೋಣೆ. ಒಮ್ಮೆ ಹುಳದ ಕೋಣೆಗೆ ಕಾಲಿಟ್ಟರೆ ಅವತ್ತಿಗೆ ನೊಣದ ಕೋಣೆಗೆ ವಾಪಸ್ ಹೋಗುವಂತಿಲ್ಲ. ಬಟ್ಟೆಗಂಟಿ ಹೋದ ಎರಡೇ ಹುಳ ಸಾಕು, ವಾರದಲ್ಲಿ ಉಗ್ರಾಣ ಖಾಲಿ ಮಾಡಿಬಿಡುತ್ತವೆ. ಇನ್ನೊಂದು ಕಟ್ಟಳೆ, ಹಳದಿ ಬಟ್ಟೆ ಉಡುವಂತಿಲ್ಲ. ಹಳದಿ ಕಂಡರೆ ಬಿಳಿನೊಣ ಮುಗಿಬಿದ್ದು ಬಂದು ಕೂರುತ್ತದೆ. "ಮದುವೆಯಾದ ಹತ್ತನೇ ವರ್ಷಕ್ಕೆ ನಮ್ಮೋರು ಆಸೆಪಟ್ಟು ಒಂದು ಹಳದಿ ಶಾಲು ತಂದ್ರು. ಇಂಥದ್ದು ತಂದಿದ್ದೀರಲ್ಲ, ನಾನೇನು ನೊಣದ ಅಂಗಡಿ ಇಡ್ಲಾ ಅಂತ ಬೈದು ವಾಪಸ್ ಕೊಡಿಸಿದೆ. ಪಾಪ" ಎಂದು ನೆನಪಿಸಿಕೊಳ್ಳುತ್ತಾರೆ.

ಆ 'ನಮ್ಮೋರು' ಕನ್ನಡಕ ರಿಪೇರಿ ಮಾಡುವವರು. ಮೆಟ್ಟಿಲ ಕೆಳಗೊಂದು ಮೇಜು, ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅಷ್ಟೇ ಅಂಗಡಿ. ಹೆಂಡತಿಯ ಹಣೆಯ ಮಸೂರ ಅವರದೇ ಕೈಕೆಲಸ; ಯಾರೋ ಬಿಟ್ಟುಹೋದ ದಪ್ಪ ಕನ್ನಡಕದ ಗಾಜುಗಳನ್ನು ಒಂದರ ಮೇಲೊಂದು ಕೂರಿಸಿ ಮಾಡಿಕೊಟ್ಟದ್ದು. "ನನ್ನ ಮುಖಾನ ಅವಳು ಯಾವತ್ತೂ ಇಷ್ಟು ಹತ್ತಿರದಿಂದ ನೋಡಿಲ್ಲ ಬಿಡಿ" ಎಂದು ಗಿರಾಕಿಗಳ ಮುಂದೆ ಚಟಾಕಿ ಹಾರಿಸುತ್ತಿದ್ದವರು ಈಗ ಆ ಮಾತೆತ್ತುವುದಿಲ್ಲ. ಮನೆಯಲ್ಲಿರುವ ಮೂರನೆಯವರು ಅತ್ತೆ. ಎಂಬತ್ತಾರು ವರ್ಷ, ಕಣ್ಣು ಮಂಜು. ಸೊಸೆ ಬಾಗಿಲು ತೆಗೆದ ಸದ್ದಾದರೆ ಸಾಕು, "ಏನಮ್ಮ, ನಿನ್ನ ಹುಳಗಳದ್ದು ಊಟ ಆಯ್ತಾ?" ಎಂದು ಹತ್ತೊಂಬತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದಾರೆ. ಕೋಣೆ ಬರಿದಾದ ಸುದ್ದಿ ಅವರಿಗೆ ಹೇಳಿಲ್ಲ. "ಹೂಂ ಅತ್ತೆ, ಎಲ್ಲಾ ಹೊಟ್ಟೆ ತುಂಬ ತಿಂದ್ವು" ಎಂದು ಹೇಳಿ ಹುಳದಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಾರೆ. ನೀರಿನ ಸದ್ದಿನಲ್ಲಿ ಅತ್ತರೆ ಹೊರಗೆ ಕೇಳಿಸುವುದಿಲ್ಲ.

ಈ ಹುಳಗಳ ಮೂಲ ಒಂದು ಬೇಲಿ. ಆಕೆಗೆ ಕಸುಬು ಕಲಿಸಿದ ವಿಜ್ಞಾನಿ, ಕಚೇರಿಯವರೆಲ್ಲ ದೊಡ್ಡ ಮೇಷ್ಟ್ರು ಎಂದು ಕರೆಯುತ್ತಿದ್ದವರು, ಒಂದು ರಸ್ತೆ ಬದಿಯ ಬೇಲಿಯಲ್ಲಿ ಇಪ್ಪತ್ತಾರು ಹುಳ ಹಿಡಿದು ತಂದು ಪಂಜರಕ್ಕೆ ಬಿಟ್ಟಿದ್ದರು. ಬಾಟಲಿ ತೊಳೆಯಲು ದಿನಗೂಲಿಗೆ ಸೇರಿದ್ದ ಈಕೆಯ ಕೈ ನಡುಗುವುದಿಲ್ಲವೆಂದು ಕಂಡು, ಹೀರುಗೊಳವೆಯನ್ನು ಅವರೇ ಕೈಗಿತ್ತರು. ಅದೊಂದು ಗಾಜಿನ ನಳಿಗೆ. ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ಹುಳದ ಮುಂದೆ, ನಡುವೆ ಜಾಲರಿ. ಮೆಲ್ಲಗೆ ಉಸಿರೆಳೆದರೆ ಹುಳ ನಳಿಗೆಯೊಳಗೆ ಬಂದು ಜಾಲರಿಯಲ್ಲಿ ನಿಲ್ಲುತ್ತದೆ. ಹೆಚ್ಚು ಎಳೆದರೆ ಕಾಲು ಮುರಿಯುತ್ತದೆ. ಡಬ್ಬಿಗೆ ನೂರರಂತೆ ದಿನಕ್ಕೆ ಎಂಟು ಡಬ್ಬಿ, ಎಂಟುನೂರು ಉಸಿರು. ಬಿಳಿನೊಣದ ಮೈಯ ಮೇಣದ ಪುಡಿ ಅಷ್ಟೂ ವರ್ಷ ಎದೆಗಿಳಿದು ಕೆಮ್ಮು ಕಾಯಂ ಆಗಿದೆ. ಯಂತ್ರ ಬಳಸಿ ಎಂದು ಡಾಕ್ಟರು ಹೇಳಿದರು. ಯಂತ್ರವೂ ಬಂತು, ಮೊದಲ ದಿನವೇ ಮೂವತ್ತು ಹುಳಗಳ ಕಾಲು ಮುರಿಯಿತು. ಅದೀಗ ಮೂಲೆಯಲ್ಲಿ ಮುಸುಕು ಹೊದ್ದು ಕೂತಿದೆ.

ದೊಡ್ಡ ಮೇಷ್ಟ್ರು ತೀರಿಕೊಂಡು ಎಂಟು ವರ್ಷ. ಆ ಬೇಲಿಯೂ ಇಲ್ಲ, ರಸ್ತೆ ಅಗಲವಾಗಿದೆ. ಈ ಜಾತಿಯ ಹುಳ ಸಾಕುತ್ತಿದ್ದ ಇನ್ನೊಂದೇ ಒಂದು ಕೋಣೆ ಬೇರೆ ಊರಿನಲ್ಲಿತ್ತು, ಅದೂ ಮುಚ್ಚಿ ಮೂರು ವರ್ಷವಾಯಿತು. ಇಲ್ಲೇ ಬೇರೆ ಕಟ್ಟಡದಲ್ಲಿ ಒಂದೇ ಒಂದು ಪಂಜರ ಇಡಲು ಜಾಗ ಕೊಡಿ, ಹೆಚ್ಚುಕಡಿಮೆಯಾದರೆ ಬೀಜಕ್ಕಾದರೂ ಇರಲಿ ಎಂದು ಹುಳದಕ್ಕ ಮೂರು ಸಲ ಅರ್ಜಿ ಬರೆಸಿ ಕೊಟ್ಟಿದ್ದಾರೆ. ಮೂರೂ ಅರ್ಜಿಗಳು ಕಡತದಲ್ಲಿ ಭದ್ರವಾಗಿವೆ. ಹುಳಗಳಿಗೆ ಸಿಗದ ಭದ್ರತೆ ಕಾಗದಕ್ಕೆ ಸಿಕ್ಕಿದೆ.

ನಲವತ್ತೇಳು ದಿನಗಳ ಹಿಂದೆ ನಡೆದದ್ದನ್ನು ಆಕೆ ಯಾವುದನ್ನೂ ಮುಚ್ಚಿಡದೆ ಹೇಳುತ್ತಾರೆ. ಹೊರಗಿನಿಂದ ತಂದ ಸಸಿಗಳನ್ನು ಹದಿನೈದು ದಿನ ಜಗುಲಿಯಲ್ಲಿ ಇಟ್ಟು, ನಾಲ್ಕು ಬಿಳಿನೊಣ ಬಿಟ್ಟು, ಅವು ಬದುಕಿ ಮೊಟ್ಟೆಯಿಟ್ಟರೆ ಮಾತ್ರ ಒಳಗೆ ತರಬೇಕು. ಇದು ದೊಡ್ಡ ಮೇಷ್ಟ್ರ ಕಟ್ಟಪ್ಪಣೆ. ಗಿಡಕ್ಕೆ ಯಾರಾದರೂ ಔಷಧಿ ಹಾಕಿದ್ದರೆ ಜಗುಲಿಯಲ್ಲೇ ಗೊತ್ತಾಗಲಿ ಎಂದು. ಆ ತಿಂಗಳು ಹುಳಕ್ಕೆ ಎಲ್ಲಿಲ್ಲದ ಬೇಡಿಕೆ. ಟೊಮೆಟೊ ಬೆಳೆಯುವ ಹೆಂಗಸೊಬ್ಬರು ಬಾಗಿಲಲ್ಲೇ ಕೂತು, ಗಿಡ ಸಾಯುತ್ತಿದೆ, ಹುಳ ಕೊಟ್ಟರೇ ಏಳುವುದು ಎಂದು ಹಟ ಹಿಡಿದಿದ್ದರು. ಒಳಗಿನ ಗಿಡಗಳು ಒಣಗುತ್ತಿದ್ದವು. ಹೊಸ ಸಸಿ ಬಂದದ್ದು ಇಪ್ಪತ್ತು ವರ್ಷಗಳ ಪರಿಚಯದ ಸಸಿತೋಟದಿಂದ.

"ಅವತ್ತು ಒಂದು ಸಲ, ಒಂದೇ ಸಲ, ಕಾಯದೆ ಒಳಗಿಟ್ಟೆ. ನಮ್ಮ ಸಸಿತೋಟದ್ದೇ ಅಲ್ವಾ ಅನ್ನಿಸ್ತು. ಎರಡೂ ಕೋಣೆಗೆ ನಾನೇ ಹೊತ್ತು ಹಾಕಿದೆ. ನೊಣಾನೂ ಕೂರಿಸಿದೆ."

ನಾಲ್ಕನೇ ದಿನ ಬಿಳಿನೊಣದ ಕೋಣೆಯ ನೆಲದ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡಿತು. ಚಳಿಗೆ ಹೀಗಾಗಿರಬಹುದೆಂದು ಹೀಟರ್ ಏರಿಸಿದರು. ಆರನೇ ದಿನ ಪಕ್ಕದ ಕೋಣೆಯಲ್ಲಿ ಹುಳಗಳು ಅಂಗಾತ ಬಿದ್ದು ಕಾಲಾಡಿಸುತ್ತಿದ್ದವು. ಆಗ ಸಸಿತೋಟಕ್ಕೆ ಓಡಿದರು. ಹಳೆಯ ಮಾಲೀಕರು ಹಾಸಿಗೆ ಹಿಡಿದಿದ್ದಾರೆ, ಈಗ ತೋಟ ನೋಡಿಕೊಳ್ಳುವುದು ಸೊಸೆ. ಆ ಹುಡುಗಿ ಹೆಮ್ಮೆಯಿಂದ ಹೇಳಿದಳು: "ಅಕ್ಕ, ನಿಮ್ಮ ಸಸಿ ಅಂತ ನಾನೇ ನಿಂತು ಬೇರಿಗೆ ಒಳ್ಳೆ ಔಷಧಿ ಹಾಕ್ಸಿದೀನಿ. ಎರಡು ತಿಂಗಳು ಒಂದು ನೊಣಾನೂ ಹತ್ರ ಸುಳಿಯಲ್ಲ, ನೋಡ್ತಿರಿ." ಮಾವ ಯಾವತ್ತೂ ಈಕೆಯ ಸಸಿಗೆ ಔಷಧಿ ಮುಟ್ಟಿಸಿರಲಿಲ್ಲ. ಏಕೆಂದು ಸೊಸೆಗೆ ಹೇಳಲು ಅವರಿಗೆ ಮಾತು ನಿಂತುಹೋಗಿತ್ತು. ಹುಳದಕ್ಕ ಏನೂ ಬೈಯಲಿಲ್ಲ. ಆ ಹುಡುಗಿ ಕೊಟ್ಟ ನೀರು ಕುಡಿದು ಬಂದರು.

ಹಳೆಯ ಗಿಡ ಇನ್ನೂ ಚೆನ್ನಾಗಿದ್ದುದರಿಂದ ಹೊಸ ಸಸಿ ಇಡದೆ ಬಿಟ್ಟಿದ್ದ ಒಂದು ಪಂಜರದಲ್ಲಿ ನೂರಹನ್ನೆರಡು ಹುಳ ಉಳಿದಿದ್ದವು. ಉಳಿಸಿಕೊಳ್ಳಲು ಅಷ್ಟು ಸಾಕಿತ್ತು, ಇಪ್ಪತ್ತಾರರಿಂದ ಶುರುವಾದ ವಂಶ ಅಲ್ಲವೇ? ಆದರೆ ಹೆಣ್ಣು ಹುಳ ದಿನಕ್ಕೆ ನೂರಕ್ಕೂ ಹೆಚ್ಚು ಬಿಳಿನೊಣದ ಮೊಟ್ಟೆ ತಿಂದರೆ ಮಾತ್ರ ತಾನು ಮೊಟ್ಟೆಯಿಡುತ್ತದೆ. ಬಿಳಿನೊಣವೇ ಸತ್ತುಹೋಗಿತ್ತು. ಎರಡು ತಿಂಗಳ ಆಯಸ್ಸಿನ ಹುಳಕ್ಕೆ ಒಂದೊಂದು ದಿನವೂ ಲೆಕ್ಕ.

ಅಲ್ಲಿಂದ ಶುರುವಾಯಿತು ಅಲೆದಾಟ. ಹತ್ತೊಂಬತ್ತು ವರ್ಷ ಬಿಳಿನೊಣವನ್ನು ಓಡಿಸಲು ದುಡಿದಾಕೆ ಒಂದು ಡಬ್ಬಿ ಹಿಡಿದುಕೊಂಡು ಬಿಳಿನೊಣ ಭಿಕ್ಷೆ ಬೇಡಲು ಹೊರಟರು. "ನಿಮ್ಮ ಗಿಡದಲ್ಲಿ ಬಿಳಿನೊಣ ಇದ್ರೆ ನಾಲ್ಕು ಎಲೆ ಕೊಡ್ತೀರಾ?" ಎಂದರೆ ಜನ ಬಾಯಿಬಾಯಿ ಬಿಟ್ಟರು. ತಮ್ಮ ತೋಟದಲ್ಲಿ ಪೀಡೆಯಿದೆ ಎಂದು ಒಪ್ಪಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ. ಕೊಟ್ಟವರ ಎಲೆಗಳಲ್ಲಿ ನೊಣವೂ ಇತ್ತು, ಔಷಧಿಯ ವಾಸನೆಯೂ ಇತ್ತು. ಅಂಥ ಎಲೆ ಹಾಕುವುದೂ ಒಂದೇ, ಕೈಯಾರೆ ಕತ್ತು ಹಿಸುಕುವುದೂ ಒಂದೇ.

ಇನ್ನೊಂದು ಆಸೆಯಿತ್ತು. ಇಷ್ಟು ವರ್ಷ ಕಳಿಸಿಕೊಟ್ಟ ಹುಳಗಳ ಸಂತತಿ ಎಲ್ಲಾದರೂ ಒಂದು ಗಾಜಿನ ಮನೆಯಲ್ಲಿ ಉಳಿದಿರಲೇಬೇಕಲ್ಲ? ಹಳೆಯ ಗಿರಾಕಿಗಳ ಪಟ್ಟಿ ಹಿಡಿದು, ಬಸ್ಸು ಬದಲಿಸುತ್ತಾ ಹದಿನೇಳು ಕಡೆ ಹೋಗಿಬಂದರು. ಆಕೆಯ ಹುಳದಿಂದಲೇ ನೆಲೆಕಂಡ ಹೂವಿನ ಬೆಳೆಗಾರರೊಬ್ಬರ ಮೇಲೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ. ಅವರು ಕಾಫಿ ಕೊಟ್ಟು ಕೂರಿಸಿ, ತಲೆ ಕೆರೆದುಕೊಂಡರು. "ಹೋದ ವಾರ ಔಷಧಿ ಹೊಡೆಸಿಬಿಟ್ಟೆ ಕಣಕ್ಕ. ಹೂವು ಕೊಳ್ಳೋರ ಕಡೆಯಿಂದ ತಪಾಸಣೆಗೆ ಬಂದಿದ್ರು. ಎಲೆ ಮೇಲೆ ಕಪ್ಪು ಚುಕ್ಕಿ ಓಡಾಡ್ತಿದೆ, ಇದ್ಯಾವ ರೋಗ ಅಂದ್ರು. ಇದು ಒಳ್ಳೆ ಹುಳ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಹುಳ ಅಂದ್ರೆ ಹುಳಾನೇ, ಲೋಡ್ ವಾಪಸ್ ಅಂದ್ರು. ಒಂದು ವಾರ ಮೊದ್ಲು ಬಂದಿದ್ರೆ ಬೊಗಸೆಗಟ್ಲೆ ಕೊಡ್ತಿದ್ದೆ."

ಒಂದು ವಾರ. ಹುಳದಕ್ಕ ಆ ಮಾತನ್ನು ಈಗಲೂ ಕೆಲಸದ ನಡುವೆ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಾರೆ. ಆ ವಾರ ಆಕೆ ಪಟ್ಟಿಯನ್ನು ಹತ್ತಿರದ ಊರಿನಿಂದ ಶುರುಮಾಡಿದ್ದರು. ದೂರದ್ದರಿಂದ ಶುರುಮಾಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಯಾರೂ ನೆಡದ, ಯಾರೂ ಔಷಧಿ ಹೊಡೆಯದ ಡಿಪೋ ಹಿಂದಿನ ಹರಳು ಗಿಡಗಳು ಕಣ್ಣಿಗೆ ಬೀಳುವಷ್ಟರಲ್ಲಿ ಇಪ್ಪತ್ತೇಳು ದಿನ ಕಳೆದಿತ್ತು. ಕಿಟಕಿಯಿಂದ ಕಂಡದ್ದೇ ತಡ, ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿ ಇಳಿದರು. ಗಿಡದ ತುಂಬ ಬಿಳಿನೊಣ. ಅವತ್ತು ಆಕೆ ಗೋಡೆಗೊರಗಿ ಅತ್ತದ್ದನ್ನು ಕಾವಲುಗಾರ ನೋಡಿದ್ದಾನೆ. ಆದರೆ ಅಷ್ಟರಲ್ಲಿ ನೂರಹನ್ನೆರಡು ಮೂವತ್ತೊಂದಾಗಿತ್ತು. ಹಳೆಯ ಗಿಡದಲ್ಲಿ ಅಳಿದುಳಿದದ್ದನ್ನೇ ತಿಂದು ಅರೆಹೊಟ್ಟೆಯಲ್ಲಿ ದಿನ ನೂಕಿದ ಹೆಣ್ಣುಗಳು ಮುದಿಯಾಗಿದ್ದವು. ಎಷ್ಟು ಬಡಿಸಿದರೂ ಮೊಟ್ಟೆ ಕಾಣಲಿಲ್ಲ. ದಿನಕ್ಕೊಂದು, ದಿನಕ್ಕೆರಡು ಉದುರುತ್ತಾ ಬಂದವು. ಐದು ದಿನಗಳ ಹಿಂದೆ ಕೊನೆಯ ಹೆಣ್ಣು ಒಂದು ಹರಳೆಲೆಯ ನರದ ಪಕ್ಕ ಮೂರು ಮೊಟ್ಟೆಯಿಟ್ಟಿತು, ಮಾರನೆಯ ದಿನ ಸತ್ತಿತು.

ಆ ಎಲೆ ಈಗ ಒಂದು ಗಾಜಿನ ತಟ್ಟೆಯಲ್ಲಿ, ಒದ್ದೆ ಕಾಗದದ ಮೇಲಿದೆ. ಏಳು ಗಂಟೆಗೆ ಬಂದವರೇ ಹುಳದಕ್ಕ ಮಸೂರ ಇಳಿಸಿ ನೋಡುತ್ತಾರೆ. ಒಡೆದಿಲ್ಲ. ತಂದ ಎಲೆಗಳಿಗೆ ನೀರು ಚಿಮುಕಿಸಿ ಎಂಟಕ್ಕೆ ಮತ್ತೆ ನೋಡುತ್ತಾರೆ. ಒಡೆದಿಲ್ಲ. ಒಂಬತ್ತಕ್ಕೆ ಕಚೇರಿಯ ಬಾಗಿಲುಗಳು ತೆರೆದುಕೊಳ್ಳುತ್ತವೆ, ಯಾರೋ ನಗುತ್ತಾರೆ, ಚಹದ ಲೋಟಗಳ ಸದ್ದು. ಹತ್ತೂವರೆಗೆ ಪತಿಯ ಫೋನು. "ಬಂತೇನೇ?" "ಇಲ್ಲರೀ." ಅಷ್ಟೇ ಮಾತು. ಹನ್ನೊಂದೂವರೆಗೆ ಆಕೆ ಮತ್ತೆ ಮಸೂರ ಇಳಿಸುತ್ತಾರೆ. ಎರಡು ಮೊಟ್ಟೆ ಚಪ್ಪಟೆಯಾಗಿ ಎಲೆಗೆ ಅಂಟಿಕೊಂಡಿವೆ. ಮೂರನೆಯದು ಒಂದು ಕಡೆ ಗುಳಿಬಿದ್ದು ಕಂದು ತಿರುಗಿದೆ. ಒಳಗೆ ಮರಿಯಿದ್ದರೆ ಹಾಗಾಗುವುದಿಲ್ಲ.

"ಆಯ್ತು" ಎನ್ನುತ್ತಾರೆ ಹುಳದಕ್ಕ. ಮಸೂರದ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, ಸೀಸದ ಕಡ್ಡಿ ತೆಗೆದು, ಗೋಡೆಯ ಹಲಗೆಯ ಮೇಲೆ ತಲೆಮಾರುಗಳನ್ನು ಬರೆದಿರುವ ಸಾಲಿನ ಮುಂದೆ ನಿಲ್ಲುತ್ತಾರೆ. ಕೊನೆಯ ಸಂಖ್ಯೆ ಇನ್ನೂರ ಹದಿನೆಂಟು. ಇನ್ನೂರ ಹತ್ತೊಂಬತ್ತಕ್ಕೆಂದು ಗೆರೆ ಎಳೆದು ಖಾಲಿ ಬಿಟ್ಟಿದ್ದರು. ಅದನ್ನು ಹಾಗೇ ಬಿಟ್ಟು ಕಡ್ಡಿಯನ್ನು ಡಬ್ಬಿಗೆ ಹಾಕುತ್ತಾರೆ. ಉಳಿದ ಏಳು ಹುಳಗಳ ತಲೆ ಕಂದು ಬಣ್ಣದ್ದು. ಹೆಣ್ಣಿನದು ಪೂರ್ತಿ ಕಪ್ಪು, ಗಂಡಿನ ತಲೆ ಮಾತ್ರ ಕಂದು. ಏಳಕ್ಕೆ ಏಳೂ ಗಂಡು.

ಮಧ್ಯಾಹ್ನ ಅಧಿಕಾರಿ ಬರುತ್ತಾರೆ. ಮೂವತ್ತೈದರ ಒಳಗಿನವರು, ಕೆಟ್ಟವರಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರುವಷ್ಟು ಮರ್ಯಾದೆ ಉಳ್ಳವರು. ಶುಕ್ರವಾರ ಕೋಣೆಯನ್ನು ವಹಿಸಿಕೊಡಬೇಕು, ಹಳೆಯ ಕಂಪ್ಯೂಟರ್‌ಗಳನ್ನು ಇಲ್ಲಿ ತುಂಬುತ್ತಾರಂತೆ. ಹುಳದಕ್ಕನಿಗೆ ಮತ್ತೆ ಬಾಟಲಿ ತೊಳೆಯುವ ಕೆಲಸ. ಹೇಳಲಾರದೆ ಹೇಳಿ, ವರದಿಯ ಕಾಗದ ಮುಂದಿಡುತ್ತಾರೆ. ಸಹಿ ಬೇಕು. ಅದರಲ್ಲಿ ನಾಶಕ್ಕೆ ಕಾರಣ 'ಸರಬರಾಜಾದ ಸಸಿಗಳ ದೋಷ' ಎಂದಿದೆ. ಆಕೆ ಓದಿ, ಕಾಗದವನ್ನು ವಾಪಸ್ ಸರಿಸುತ್ತಾರೆ.

"ಇದು ತಿದ್ದಿ ಸಾರ್. ಆ ಹುಡುಗಿ ಒಳ್ಳೇದಕ್ಕೇ ಮಾಡಿದ್ಲು. ಹದಿನೈದು ದಿನ ಕಾಯ್ಬೇಕಿತ್ತು, ಸಾಕೋಳು ಕಾಯ್ಲಿಲ್ಲ, ಅಂತ ಬರೀರಿ."

"ನಿಮ್ಮ ಮೇಲೆ ಬರುತ್ತಲ್ಲಕ್ಕ."

"ಬರ್ಲಿ. ನಾಳೆ ಯಾರಾದ್ರೂ ಎಲ್ಲಾದ್ರೂ ಒಂದು ಬೇಲೀಲಿ ಈ ಹುಳ ಹುಡುಕಿ ಸಾಕೋಕೆ ಕೂತ್ರೆ, ನಿಮ್ಮ ಈ ಕಾಗದ ತೆಗೆದು ಓದ್ತಾರೆ. ಸಸಿ ಸರಿ ಇರ್ಲಿಲ್ಲ ಅಂತ ಇದ್ರೆ ಅವ್ರಿಗೇನು ತಿಳಿಯುತ್ತೆ? ಕಾಯ್ಲಿಲ್ಲ ಅಂತ ಇದ್ರೆ ಅವ್ರಾದ್ರೂ ಕಾಯ್ತಾರೆ. ನನಗೆ ಇನ್ನೇನೂ ಬೇಡ ಸಾರ್, ಅದೊಂದು ಸಾಲು ಇರ್ಲಿ."

ಅಧಿಕಾರಿ ನಿಂತಲ್ಲೇ ತಿದ್ದುತ್ತಾರೆ. ಹುಳದಕ್ಕ ಸಹಿ ಹಾಕುತ್ತಾರೆ, ಆ ಕೈ ಇವತ್ತೂ ನಡುಗುವುದಿಲ್ಲ. ಆಮೇಲೆ ಬೆಳಿಗ್ಗೆ ತಂದ ಎಲೆಗಳಲ್ಲಿ ಅತಿ ಹೆಚ್ಚು ಬಿಳಿನೊಣದ ಮೊಟ್ಟೆಯಿರುವ ಒಂದನ್ನು ಆರಿಸಿ, ನಿನ್ನೆಯದನ್ನು ತೆಗೆದು, ಪಂಜರದೊಳಗೆ ಇಡುತ್ತಾರೆ. ಏಳು ಕಪ್ಪು ಚುಕ್ಕಿಗಳು ಎಲೆಯ ಕಡೆ ಹರಿಯುತ್ತವೆ. ಇನ್ನೂ ಯಾಕಕ್ಕ ಇದೆಲ್ಲ, ಎಂದು ಅಧಿಕಾರಿ ಕೇಳುತ್ತಾರೆ.

"ತಾವೇ ಕೊನೆಯವು ಅಂತ ಅವಕ್ಕೇನು ಗೊತ್ತು ಸಾರ್? ಹಸಿವಾಗುತ್ತೆ ಅಂತ ಮಾತ್ರ ಗೊತ್ತು" ಎನ್ನುತ್ತಾ ಹುಳದಕ್ಕ ಪಂಜರದ ಬಟ್ಟೆ ಎಳೆದು ಗಂಟು ಹಾಕುತ್ತಾರೆ. "ಶುಕ್ರವಾರದ ಮೇಲೂ ಇವು ಬದುಕಿದ್ರೆ ಈ ಪಂಜರ ಒಂದು ನಾನು ಮನೆಗೆ ತಗೊಂಡು ಹೋಗ್ಲಾ?"